ತುಟಿ ಮುಚ್ಚುವ ಊರುಗಳು

ಮೊಗ್ರಾಲ್ ಪುತ್ತೂರು, ಮೊಗ್ರಾಲ್, ಕುಂಬಳೆ,
ಬೇಳ, ಬದಿಯಡ್ಕ, ಪೆರ್ಲ.
ಹತ್ತೊಂಬತ್ತು ವರ್ಷ ಕೂಗಿದೆ,
ಒಂದು ದಿನವೂ ಹೊಳೆಯಲಿಲ್ಲ
ನನ್ನ ಊರುಗಳೆಲ್ಲ
ತುಟಿಗೆ ತುಟಿ ತಾಗಿದರೇ ಬರುವಂಥವೆಂದು.

ಸೋಮವಾರ ಬೆಳಿಗ್ಗೆ ಮುಕ್ಕಳಿಸಿದ ನೀರು
ಎಡಗಡೆಯಿಂದ ತಾನೇ ಇಳಿದು ಹೋಯಿತು.
ಕನ್ನಡಿಯಲ್ಲಿ ಅರ್ಧ ಮುಖ ನನ್ನದು,
ಇನ್ನರ್ಧ, ಟಿಕೆಟ್ ತೆಗೆಯದೆ ಕೂತ ಯಾರದೋ.
ಮುಖದ ನರ, ಎಂದರು ಡಾಕ್ಟರು.
ತಿಂಗಳಲ್ಲಿ ಸರಿಹೋದೀತು.
ಹೋದೀತು ಎಂದರು, ಹೋಗುತ್ತದೆ ಎನ್ನಲಿಲ್ಲ.

ರಜೆ ಹಾಕಿದರೆ ದಿನದ ಸಂಬಳವಿಲ್ಲ.
ಕಾಸರಗೋಡು ಸ್ಟ್ಯಾಂಡಿನಲ್ಲಿ ಬಾಗಿಲು ಹಿಡಿದು ನಿಂತೆ:
ಹೆರ್ಲ, ಹೆರ್ಲ, ಹದಿಯಡ್ಕ.
ಕುಂಬಳೆಯನ್ನು ಎತ್ತಲು ಹೋಗಿ
ನಡುವಿನಲ್ಲೇ ಗಾಳಿ ಬಿಟ್ಟಿತು.
ಕಾಲೇಜು ಹುಡುಗಿಯರು ಶಾಲಿನೊಳಗೆ ನಕ್ಕರು.
ಸೀತಾಂಗೋಳಿ ಮಾತ್ರ, ನೀರ್ಚಾಲು ಮಾತ್ರ
ನನ್ನ ಕೈಬಿಡಲಿಲ್ಲ.
ಆ ಎರಡು ಸ್ಟಾಪು ಬಂದಾಗ
ಬೇಕೆಂದೇ ನಾಲ್ಕು ನಾಲ್ಕು ಸಲ ಕೂಗಿದೆ.

ಡ್ರೈವರ್ ಅಂದುಂಞಿಯನ್ನು ಕರೆಯಬಲ್ಲೆ.
ಮನೆಯಲ್ಲಿ ಬೇಬಿಯನ್ನು ಕರೆಯಲಾರೆ.
ಬಾಯಿ ಮುಚ್ಚು ಎಂದು ಗದರುವುದಕ್ಕೂ
ಎರಡು ಸಲ ಮುಚ್ಚಬೇಕು ಬಾಯಿ.

ಹೆಸರು ಐತಪ್ಪ.
ಸೋರಿ ಸೋರಿ ಉಳಿಯುವುದು ಬರೀ ಐತ.
ಅಜ್ಜನನ್ನು ಹಾಗೆಯೇ ಕರೆಯುತ್ತಿದ್ದರು
ಅಂಗಳದ ಆಚೆ ನಿಲ್ಲಿಸಿ.
ಶಾಲೆಗೆ ಸೇರಿಸಿದ ದಿನ
ರಿಜಿಸ್ಟರಿನ ಮುಂದೆ ಹಠ ಹಿಡಿದು ನಿಂತು
ಆ ಒತ್ತಕ್ಷರವನ್ನು ಬರೆಸಿದವಳು ನನ್ನ ಅಪ್ಪೆ.

ಅಪ್ಪೆ ಎಂದರೆ ನಮಗೆ ತಾಯಿ, ಅಮ್ಮೆ ಎಂದರೆ ತಂದೆ.
ಕನ್ನಡ ಪಾಠ ಶುರುವಾದ ವಾರ
ಇಬ್ಬರೂ ಜಾಗ ಬದಲಿಸಿ ಕೂತರು.
ಈಗ ರಾತ್ರಿ ಊಟವಾದ ಮೇಲೆ
ವ್ಯಾಯಾಮ, ಕನ್ನಡಿಯ ಎದುರು:
ಪ ಫ ಬ ಭ ಮ, ಹತ್ತು ಸಲ.
ಬೇಬಿ ಹಿಂದಿನಿಂದ ನೋಡುತ್ತಾಳೆ.
ದನಿ ಇಲ್ಲದೆ ತುಟಿ ಮಾತ್ರ ನೋಡಿದರೆ
ಅಪ್ಪೆ ಯಾವುದು ಅಮ್ಮೆ ಯಾವುದು
ಗೊತ್ತೇ ಆಗುವುದಿಲ್ಲ, ಅನ್ನುತ್ತಾಳೆ.
ಅವಳ ಬೆರಳು ನನ್ನ ಎಡ ಕೊನೆಯನ್ನು
ಹರಿದ ಚೀಲ ಹಿಡಿದ ಹಾಗೆ ಹಿಡಿದಿರುತ್ತದೆ.

ಬದಿಯಡ್ಕಕ್ಕೆ ದಿನಾ ಬರುವ ವಾಮನ ಮಾಷ್ಟ್ರು
ಪಿಂಚಣಿಯ ಪುಸ್ತಕ ಕಂಕುಳಲ್ಲಿಟ್ಟು ಹೇಳಿದರು:
ಇದು ನಿನ್ನೊಬ್ಬನ ಕಾಯಿಲೆ ಅಲ್ಲ ಮಾರಾಯ,
ಕನ್ನಡಕ್ಕೇ ಬಂದಿತ್ತು ಒಂದು ಕಾಲದಲ್ಲಿ.
ಪಾಲು ಹಾಲಾಯಿತು, ಪುಲಿ ಹುಲಿಯಾಯಿತು,
ಪಾವು ಹಾವಾಗಿ ಹರಿದು ಹೋಯಿತು.
ನೀನು ಪೆರ್ಲವನ್ನು ಹೆರ್ಲ ಎಂದರೆ ವ್ಯಾಕರಣದಲ್ಲಿ ತಪ್ಪಿಲ್ಲ.

ಬಸ್ಸೆಲ್ಲ ನಕ್ಕಿತು. ನಾನೂ ಅರ್ಧ ನಕ್ಕೆ.
ಆದರೆ ಮಾಷ್ಟ್ರೇ,
ಭಾಷೆ ಬಿಟ್ಟದ್ದು ನಿಧಾನಕ್ಕೆ,
ಅಜ್ಜನಿಂದ ಮೊಮ್ಮಗನಿಗೆ ಒಂದೊಂದೇ ಸಡಿಲಿಸುತ್ತಾ.
ನನ್ನದು ಒಂದೇ ರಾತ್ರಿಗೆ.
ಮತ್ತೆ ನಿಮ್ಮ ಹಿಂದಿನ ಸೀಟಿನಲ್ಲಿ
ಅಂದುಂಞಿಯ ಅತ್ತೆ ಇನ್ನೂ ಪಾಲ್ ಎನ್ನುತ್ತಾಳೆ,
ಬೇಬಿ ಮುಡಿಯುವುದು ಪೂ.
ಇಷ್ಟೊಂದು ತುಟಿಗಳ ನಡುವೆ
ನಾನೊಬ್ಬ ತೆರೆದ ಬಾಗಿಲು.

ಇಪ್ಪತ್ತಾರನೆಯ ದಿನ
ಬೇಳದ ತಿರುವಿನಲ್ಲಿ, ಸಂಜೆ, ರಶ್ಶು,
ಮೆಟ್ಟಿಲ ತುದಿಯಲ್ಲಿ ಒಂದೇ ಕಾಲಲ್ಲಿ ನೇತಾಡುತ್ತಿದ್ದ
ಏಳನೇ ಕ್ಲಾಸಿನ ಹುಡುಗ.
ಬೂರುವ!
ಕೈ ಹಿಡಿದು ಒಳಗೆ ಎಳೆದ ಮೇಲೆ ತಿಳಿಯಿತು
ಕಿರುಚಿದ್ದು ನಾನು.
ಬ.
ಇಡೀ ಬ, ತೂತಿಲ್ಲದ್ದು.
ಹುಡುಗನಿಗೆ ಬಿದ್ದದ್ದು ಒಂದು ಬೈಗುಳ ಅಷ್ಟೆ.
ಮೇಲಿನ ಕನ್ನಡಿಯಲ್ಲಿ ಅಂದುಂಞಿ
ಹುಬ್ಬು ಎತ್ತಿ, ಮತ್ತೆ ರಸ್ತೆ ನೋಡಿದ.

ಪೆರ್ಲದಲ್ಲಿ ಕೊನೆಯ ಟ್ರಿಪ್ಪಿನ ಲೆಕ್ಕ ಬರೆಯಲು
ಯಾರೋ ಹೊಸ ಹುಡುಗ ಬಂದಿದ್ದ.
ಹೆಸರು? ಎಂದ, ತಲೆ ಎತ್ತದೆ.
ಐ, ತ,
ಆಮೇಲೆ ಎರಡೂ ತುಟಿ ಒತ್ತಿ
ಒಡೆಯುವ ಮೊದಲು
ಸ್ವಲ್ಪ ಹೊತ್ತು ಹಾಗೆಯೇ ಇಟ್ಟುಕೊಂಡೆ.