ಇಲ್ಲದ ಹಾಳೆ

ಮಸ್ಜಿದ್ ಬಂದರಿನ ಮೂರನೇ ಮಹಡಿಯಲ್ಲಿ
ನಮ್ಮದು ಸರಕು ಬಿಡಿಸುವ ಕಚೇರಿ.
ಒಂದೊಂದು ಬಿಲ್ಲಿಗೂ ನಾಲ್ಕು ಪ್ರತಿ.
ಕಸ್ಟಮ್ಸಿಗೊಂದು, ಲಾರಿಯವನಿಗೊಂದು,
ಮಾಲಿನ ಒಡೆಯನಿಗೊಂದು,
ಇನ್ನೊಂದು ತಿಜೋರಿವಾಲಾ ಅವರಿಗೆ.
ಅವರು ಪಾಲು ಮುರಿದುಕೊಂಡು ಹೋಗಿ
ಹದಿನೆಂಟು ವರ್ಷವಾಯಿತಂತೆ,
ನಾನು ಸೇರುವ ಮೊದಲಿನ ಮಾತು.
ಪ್ರತಿ ನಿಂತಿಲ್ಲ.

ಆಷಾಢ ಹುಟ್ಟಿದಂದಿನಿಂದ ಜೆರಾಕ್ಸ್ ಮಷೀನು
ಏಳನೆಯದಕ್ಕೋ ಎಂಟನೆಯದಕ್ಕೋ
ಕುಂಯ್ ಎಂದು ಒಮ್ಮೆ ಕೂಗಿ
ಕೆಂಪು ದೀಪ ಹಚ್ಚಿಕೊಂಡು ಕೂತುಬಿಡುತ್ತದೆ.
ಪರದೆಯ ಮೇಲೊಂದು ಚಿತ್ರ:
ಹೊಟ್ಟೆಯೊಳಗೆ ಮುದುರಿದ ಹಾಳೆ, ಅದಕ್ಕೊಂದು ಬಾಣ.

ಎಲ್ಲರ ಹತ್ತಿರವೂ ಔಷಧಿಯಿತ್ತು.
ಘಾಡಗೆ ಪಕ್ಕೆಗೆ ಎರಡು ಗುದ್ದಿದ.
ಅಕೌಂಟ್ಸಿನ ಫ್ಲೇವಿಯಾ ಕಾಗದದ ಕಟ್ಟನ್ನು
ಇಸ್ಪೀಟಿನಂತೆ ಬೀಸಿ ಗಾಳಿಯಾಡಿಸಿದಳು.
ನಾನು ರಿಮ್ಮನ್ನು ಕಿಟಕಿಯಿಂದೆತ್ತಿ
ಬಲ್ಬಿನ ಕೆಳಗೆ ಹರವಿದೆ, ಥಂಡಿ ಹಿಡಿದ ಹಪ್ಪಳದ ಹಾಗೆ.
ದಾಮ್ಲೆ ಸಾಹೇಬರು "ಹೊಸದು ತರಿಸೋಣ" ಅಂದರು.
ಹೋದ ಮಳೆಗಾಲಕ್ಕೂ ಅಂದಿದ್ದರು.

ಮುಂದಿನ ಬಾಗಿಲು ತೆರೆದೆವು, ಹಿಂದಿನದು, ಪಕ್ಕದ್ದು.
ಹಾಳೆಯೇ ಇಲ್ಲ.
ಮುಚ್ಚಿದರೆ ಮತ್ತೆ ಅದೇ ಚಿತ್ರ, ಅದೇ ಬಾಣ.
ಸಿಕ್ಕಿಕೊಂಡಿದೆ, ತೆಗೆಯಿರಿ.

ಗುರುವಾರ ಕುರ್ಲಾದಲ್ಲಿ ಹಳಿ ಮುಳುಗಿ
ಎರಡು ತಾಸು ತಡವಾಗಿ, ಮಂಡಿಯವರೆಗೆ ತೊಯ್ದು
ಮೆಕ್ಯಾನಿಕ್ ಬಂದ.
ಕಾಲು ಒರೆಸಿಕೊಂಡ, ಕೈ ಒರೆಸಿಕೊಂಡ, ಕಡೆಗೆ ಕನ್ನಡಕ.
ಹಿಂದಿಯಲ್ಲಿ ಕೇಳಿದ:
ಬೆಳಿಗ್ಗೆಯೇ ನಿಲ್ಲುತ್ತದೋ, ಬಿಸಿಯಾದ ಮೇಲೋ?
ಒಂದೇ ಜಾಗದಲ್ಲೋ, ಬೇರೆ ಬೇರೆಯೋ?
ನಮಗದು ಹೊಳೆದೇ ಇರಲಿಲ್ಲ.

ಉರುಳೆಯ ರಬ್ಬರನ್ನು ಒದ್ದೆ ಅರಿವೆಯಿಂದ ತಿಕ್ಕಿ
ಉಗುರು ಒತ್ತಿ ನೋಡಿದ. ಇನ್ನೂ ಹಿಡಿತವಿತ್ತು.
ಸ್ಟೇಪ್ಲರ್ ಪಿನ್ನೊಂದು ಸಿಕ್ಕಿತು.
ಘಾಡಗೆಯ ಕಡೆ ನೋಡದೆ ಜೇಬಿಗೆ ಹಾಕಿಕೊಂಡ.
ಮತ್ತೆ ಏಳನೆಯ ಹಾಳೆ. ಮತ್ತೆ ಕುಂಯ್.

ಆಗ ತೋಳು ಮಡಚಿ
ಮೊಣಕೈವರೆಗೂ ಕೈ ಒಳಗಿಳಿಸಿ, ಕಣ್ಣು ಮುಚ್ಚಿ
ಮೆಲ್ಲಗೆ ಅಂದ:
"ಎಲ್ಲಿ ಅಡ್ಡ ಕುಂತೀಯವ್ವಾ... ತಿರುಗು, ಹೊಳ್ಳು..."

ನನ್ನ ಚಹಾ ತುಳುಕಿತು.
ಅಡ್ಡಗರುವಿನ ಎಮ್ಮೆಗೆ ಆಡುವ ಮಾತು
ಈ ಬಂದರಿನ ಬೀದಿಯಲ್ಲಿ!

"ಯಾವೂರಣ್ಣಾ?"
"ಇಂಡಿ ಬಾಜೂಕ. ಮೌಲಾಲಿ. ನೀವು?"
"ಮುದ್ದೇಬಿಹಾಳ."
"ತಡೀರಿ ಅಕ್ಕಾರ, ಕೈಗಿ ಹತ್ತೇದ."

ಹತ್ತಿದ್ದು ಹಾಳೆಯಲ್ಲ,
ಕಿರುಬೆರಳ ಉಗುರಿನಷ್ಟು ಕರಿ ಪ್ಲಾಸ್ಟಿಕ್ ಕಡ್ಡಿ.
"ಹಾಳಿ ಹೋಗಾಗ ಇದು ಏಳತದ,
ದಾಟಿದಮ್ಯಾಲ ಬೀಳತದ.
ಬಿದ್ದರ ಮಷೀನಿಗಿ ತಿಳೀತದ, ಹಾದಿ ಖಾಲಿ ಆತು ಅಂತ.
ಸ್ಪ್ರಿಂಗ್ ಸತ್ತದ ನೋಡ್ರಿ. ಎದ್ದದ್ದು ಬೀಳವಲ್ದು.
ಹಾಳಿ ಹೊರಗ ಬಂದು ತಣ್ಣಗ ಆದರೂ
ಇದಕ್ಕ ಇನ್ನಾ ಒಳಗ ಅದ ಅಂತನ ಲೆಕ್ಕ."

"ಏನಂತೆ?" ಎಂದಳು ಫ್ಲೇವಿಯಾ.
"ಸ್ಪ್ರಿಂಗ್ ಹೋಗಿದೆ," ಅಂದೆ.
ಉಳಿದದ್ದಕ್ಕೆ ನನ್ನ ಹಿಂದಿ ಸಾಲಲಿಲ್ಲ.

ಅಂಗಡಿಗಳೆಲ್ಲ ನೀರಲ್ಲಿ.
ನನ್ನ ಪೆನ್ನು ಬಿಚ್ಚಿ, ಅದರ ಸ್ಪ್ರಿಂಗಿನಿಂದ
ಮೂರು ಸುತ್ತು ಕತ್ತರಿಸಿ ಕೂರಿಸಿದ.
ಎಂಟು. ಒಂಬತ್ತು. ನಲವತ್ತು.
ಎಲ್ಲರೂ ಸುಮ್ಮನೆ ನಿಂತು
ಖಾಲಿ ಹಾಳೆಗಳು ಖಾಲಿಯಾಗಿಯೇ ಬರುವುದನ್ನು
ಬಾಯಿ ಬಿಟ್ಟು ನೋಡಿದೆವು.

ಸಹಿಗೆ ಅದೇ ಪೆನ್ನು ಕೊಟ್ಟೆ.
ಒತ್ತಿದರೆ ಮುಳ್ಳು ಒಳಗೆ ಜಾರುತ್ತಿತ್ತು,
ಬೆನ್ನಿಗೆ ಹೆಬ್ಬೆರಳು ಕೊಟ್ಟು ಬರೆದ.
"ಇದರದೊಂದು ಕಾಪಿ ಕೊಡ್ರಿ, ಹೊಂಡತೀನಿ,
ಮತ್ತ ನೀರು ಏರಿದರ ಕಷ್ಟ."

ಗುಂಡಿ ಒತ್ತಿದೆ.
ಅವನು ಒಂದನ್ನು ಮಡಚಿ ಕಿಸೆಗಿಟ್ಟುಕೊಂಡು ಇಳಿದು ಹೋದ.
ಮಷೀನು ನಿಲ್ಲಲಿಲ್ಲ.
ನನ್ನ ಬೆರಳು ನಾಲ್ಕು ಅಂತಲೇ ಒತ್ತಿತ್ತು.