ತಾಯಿಚಿಟ್ಟೆ ಪರೀಕ್ಷೆ

ಶಿಡ್ಲಘಟ್ಟದ ಗ್ರೇನೇಜಿನಲ್ಲಿ ಎಂಟು ವರ್ಷ
ನಾನು ಅರೆದದ್ದು ತಾಯಿಚಿಟ್ಟೆಗಳನ್ನೇ.
ಮೊಟ್ಟೆಯಿಟ್ಟು ಮುಗಿಸಿದ್ದೇ ತಡ
ಪುಟ್ಟ ಒರಳಿಗೆ ಹಾಕಿ, ಎರಡು ತೊಟ್ಟು ದ್ರಾವಣ ಬಿಟ್ಟು, ಕುಟ್ಟಿ,
ಗಾಜಿನ ಮೇಲೆ ಬಳಿದು ಹುಡುಕುವುದು:
ಗಂಟುರೋಗ ಇದೆಯೋ, ಇಲ್ಲವೋ.
ಗಂಡುಚಿಟ್ಟೆಗೆ ಪರೀಕ್ಷೆಯಿಲ್ಲ.
ಜೋಡಿ ಬಿಡಿಸಿ, ಫ್ರಿಜ್ಜಿನಲ್ಲಿಟ್ಟು ದಣಿವಾರಿಸಿ
ಮರುದಿನ ಇನ್ನೊಂದಕ್ಕೆ ಬಿಡುತ್ತಿದ್ದೆವು.

ಈಗ ಚಿಕ್ಕಬಳ್ಳಾಪುರ, ಬಿ.ಬಿ. ರಸ್ತೆಯ ಮಹಡಿ ಮೇಲೆ
ಅದೇ ಬಗ್ಗಿದ ಕತ್ತು, ಬೇರೆ ಮಸೂರ.
ಅಂಚೆಚೀಟಿಯಷ್ಟೇ ಒಂದು ಚಿಪ್,
ಕೈಯಲ್ಲಿ ಹಿಡಿದರೆ ಖಾಲಿ ಗಾಜು;
ಒಳಗೆ ಕಾಲುವೆಗಳು.
ಒಂದು ತುದಿಯಿಂದ ನೀರು ಹರಿಸಿ
ಇನ್ನೊಂದು ತುದಿಯಲ್ಲಿ ಅವನ್ನು ಬಿಡುತ್ತೇನೆ.
ಎಷ್ಟಿವೆ ಎಂದು ಇದು ಕೇಳುವುದಿಲ್ಲ.
ಹರಿವಿಗೆ ಎದುರಾಗಿ ಯಾವುದು ಏರೀತು,
ತಿರುವಿನಲ್ಲಿ ಯಾವುದಕ್ಕೆ ದಾರಿ ತಿಳಿದೀತು, ಅಷ್ಟೇ.

ಇವತ್ತಿನ ಸ್ಯಾಂಪಲ್ಲು ಆಂಜಿನಪ್ಪನದು, ರೀಲರ್.
ಫೈಲು ಮಾತ್ರ ಗಂಗರತ್ನಳದು,
ಆರು ವರ್ಷದ ದಪ್ಪ. ಸ್ಕ್ಯಾನುಗಳು, ಟ್ಯೂಬಿನ ಎಕ್ಸ್‌ರೇ,
ಹೊಟ್ಟೆಗೆ ತೂತು ಕೊರೆದು ನೋಡಿದ್ದೊಂದು,
ಪುಟಗಳ ನಡುವೆ ಯಾವುದೋ ತಾಯಿತದ ಕಪ್ಪುದಾರ.
ಅವನದು ಒಂದೇ ಹಾಳೆ, ಹಳೆಯದು:
ಎಣಿಕೆ ಸರಿ ಇದೆ.

ಪರದೆ ನೋಡಬೇಕೆಂದ. ತೋರಿಸಬಾರದು, ತೋರಿಸಿದೆ.
"ಎಷ್ಟು ಅಗಲ ಮೇಡಂ ಈ ಕಾಲುವೆ?"
ಹೇಳಿದೆ. ಹೆಬ್ಬೆರಳಿಗೆ ತೋರುಬೆರಳು ಹೊಸೆದು ನೋಡಿಕೊಂಡ,
ಬಿಸಿನೀರ ತೊಟ್ಟಿಯಲ್ಲಿ ಬೆಂದು ಬಿಳಿಚಿದ ಬೆರಳು.
"ಎಂಟು ಗೂಡು ಸೇರ್ಸಿ ತೆಗೆಯೋ ನಮ್ ಎಳೆ ದಪ್ಪಾನೇ ಬುಡಿ."

ಎಣಿಕೆ ಸರಿಯೇ ಇತ್ತು. ಸಾವಿರಾರು, ಚುರುಕು.
ಮೊದಲ ತಿರುವಿನವರೆಗೂ ನುಗ್ಗಿ ಬಂದವು,
ಅಲ್ಲಿ ಗೋಡೆಗೆ ತಲೆಯಿಟ್ಟು ಸುತ್ತತೊಡಗಿದವು,
ಗೂಡಿಗೆ ಜಾಗ ಸಿಗದೆ
ಚಂದ್ರಿಕೆಯ ಅಂಚಲ್ಲೇ ಸುತ್ತುವ ಹಣ್ಣುಹುಳುಗಳ ಹಾಗೆ.
ಆಚೆ ದಡಕ್ಕೆ ಏರಿದ್ದು ನಾಲ್ಕು.
ಐದನೆಯದಕ್ಕಾಗಿ ಇಬ್ಬರೂ ಬಹಳ ಹೊತ್ತು ಕಾದೆವು.

ಅವನು ಕೇಳಿದ್ದು ಒಂದೇ:
"ಆರು ವರ್ಷದ ಹಿಂದೇನೂ ಇದು ಹಿಂಗೇ ಇತ್ತಾ?"
ಮಸೂರಕ್ಕೆ ಹಿಂದಿನದು ಕಾಣುವುದಿಲ್ಲ ಎಂದೆ.

ಹೊರಗೆ ಬೆಂಚಿನ ಮೇಲೆ ಗಂಗರತ್ನ
ಫೋನಿನಲ್ಲಿ ಗೂಡಿನ ರೇಟು ವಿಚಾರಿಸುತ್ತಿದ್ದಳು,
ನಾನು ವಾಪಸು ಕೊಟ್ಟ ಫೈಲು ಮಡಿಲಲ್ಲಿ.
ಅವನು ಹೋಗಿ ಪಕ್ಕದಲ್ಲಿ ಕೂತ.
ಮಾತಿಲ್ಲ. ಫೈಲನ್ನೆತ್ತಿ
ತನ್ನ ತೊಡೆಯ ಮೇಲಿಟ್ಟುಕೊಂಡ,
ರಟ್ಟಿನ ಮೇಲಿನ ಹೆಸರನ್ನೇ ನೋಡಿದ,
ಎದ್ದು ಬಂದು
ನನ್ನ ಹತ್ತಿರ ಪೆನ್ನು ಕೇಳಿದ.