ಶೈಲೇಂದ್ರ ಪ್ರಯೋಗಾಲಯ

ತಪ್ಪು ನನ್ನದೇ, ಒಪ್ಪಿಕೊಂಡೆ.
ಕೃಷಿ ಕಾಲೇಜಿನವರು ಕೊಟ್ಟ ಚೀಟಿ ಚಹಾ ಬಿದ್ದು ಕದಡಿತ್ತು.
ಯಾರೋ ದೊಡ್ಡವರು ತೀರಿಹೋಗಿರಬೇಕು, ಅವರ ಹೆಸರಿನ ಕೋಣೆ
ಎಂದುಕೊಂಡು ಬರೆದೆ: ಶೈಲೇಂದ್ರ ಪ್ರಯೋಗಾಲಯ.
ಹಳದಿಗೆ ಕೆಂಪು ನೆರಳು ಬೇರೆ ಕೊಟ್ಟಿದ್ದೆ.

ಅಟೆಂಡರ್ ತಾಯಪ್ಪ ನಕ್ಕು ನಕ್ಕು ಕೆಮ್ಮಿದ.
'ಮನಷ್ಯಾ ಅಲ್ಲೋ ಹನ್ಮೇಶ. ಬೂಷ್ಟು! ರೊಟ್ಟಿಗೆ ಹತ್ತೂ ಬೂಷ್ಟು!'

ಮೇಡಂ ಒಳಗೆ ಕರೆದು ಗಾಜಿನ ತಟ್ಟೆ ತೋರಿಸಿದರು.
ಹತ್ತಿ ಸೀಸನ್ನಿನಲ್ಲಿ ಗಂಜ್ ರಸ್ತೆಯ ಜಾಲಿಮುಳ್ಳಿಗೆಲ್ಲ
ಲಾರಿಯಿಂದ ಹಾರಿ ಅಂಟುತ್ತದಲ್ಲ, ಅಂಥದೇ ಎಳೆ,
ನಡುವೆ ಕರಿ ಚುಕ್ಕಿ, ಬ್ರಶ್ಶು ಕೊಡವಿದಂತೆ.
ಅಕ್ಷರ ಬಿಡಿಸಿ ಹೇಳಿದರು. ಅಂಗೈಮೇಲೆ ಬರೆದುಕೊಂಡೆ.

ಶಿಲೆ, ರಂಧ್ರ. ಕಲ್ಲಿನ ತೂತು, ಅಂದೆ.
ರಾಯಚೂರಲ್ಲಿ ಬೇರೆ ಏನು ಹೊಳೆದೀತು?
ಕೋಟೆಯ ಕಲ್ಲುಸಂದಿಯಲ್ಲಿ ಬೀಡಿ ಬಚ್ಚಿಟ್ಟು ಬೆಳೆದವನು ನಾನು.
'ಚಂದ ಐತಿ, ಆದರೆ ತಪ್ಪು,' ಅಂದರು,
'ರಂಧ್ರ ಅಲ್ಲೆಲ್ಲಿದೆ? ಧ ಇದೆ, ರ ಅದರ ಕಾಲಡಿ.'

ಬೆನ್ನು ಹರಿದ ಕೋಶ ತೆಗೆದರು.
ಬಾಳೆಯ ಹೂವಂತೆ ಶಿಲೀಂಧ್ರ. ಒಂದು ಮೀನಂತೆ.
ಆಲಿಕಲ್ಲೂ ಅದೇ ಅಂತೆ. ಆಮೇಲೆ ಅಣಬೆ.
ಒಂದೇ ಅಂಗಿ ನಾಲ್ಕು ಅಣ್ಣತಮ್ಮರು ತೊಟ್ಟಂತೆ.
'ಶಿಲೀ ಹೊತ್ತದ್ದು ಅಂತ ಬಿಡಿಸುತ್ತಾರೆ. ನನಗೆ ಅಷ್ಟು ನಂಬಿಕೆಯಿಲ್ಲ.'
ಶಿಲೀ ಅಂದರೆ? ಬೆರಳು ಸಾಲಿನ ಮೇಲೆ ಹರಿಯಿತು:
ಎರೆಹುಳು. ಹೆಣ್ಣು ಕಪ್ಪೆ. ಬಾಗಿಲ ಕೆಳಗಿನ ಮರ.

ಹೊಸ್ತಿಲು?

ಹೊಸ್ತಿಲು.

ಮಡ್ಡಿಪೇಟೆಯ ಬಾಡಿಗೆ ಮನೆಯಲ್ಲಿ ನಮ್ಮವ್ವ
ದಿನಾ ಮುಂಜಾನೆ ಹೊಸ್ತಿಲು ತೊಳೆದು ಅರಿಷಿಣ ಬಳಿಯುತ್ತಿದ್ದಳು;
ನೀರು ಕುಡಿದು ಕುಡಿದು ಬೇವಿನ ಹಲಗೆ ಮೆತ್ತಗಾಗಿ
ಒಂದು ಶ್ರಾವಣ, ಮೂಲೆಯಲ್ಲಿ ಮೂರು ಎದ್ದವು,
ಅಂಗಿ ಗುಂಡಿಯಷ್ಟು, ಬೆಳ್ಳಗೆ.
'ನಾಯಿಛತ್ರಿ' ಅಂದಳು. ಕೀಳಲಿಲ್ಲ.
ಅವಕ್ಕೂ ಒಂದೊಂದು ಬೊಟ್ಟು ಅರಿಷಿಣ ಇಟ್ಟು
'ನಾಯಿ ಬರೂತನ ಇರ್ಲಿ ಬಿಡು' ಅಂದಳು.
ಬಿಸಿಲೇರಿತು. ಮಧ್ಯಾಹ್ನಕ್ಕೆ ಕರಗಿ ಮಸಿಯಾದವು.

ಇದನ್ನು ಮೇಡಂಗೆ ಹೇಳಲಿಲ್ಲ. ಏಣಿ ತಂದೆ.
ಶೈಲೇಂದ್ರನನ್ನು ಟರ್ಪೆಂಟೈನಿನಲ್ಲಿ ಒರೆಸಿದೆ,
ಪಾಪ, ಇದ್ದವನೇ ಅಲ್ಲ.
ಶಿ. ಲೀ, ದೀರ್ಘ ಮರೆಯದಂತೆ. ಸೊನ್ನೆ.
ದ ಬರೆದು ಹೊಟ್ಟೆ ಸೀಳಿದೆ. ಅದರಡಿ ರ ಒತ್ತು:
ಗೆರೆ ದಾಟಿ ಇಳಿಯಿತು ಕೈ, ಬೇಕಾದ್ದಕ್ಕಿಂತ ಉದ್ದ,
ಬೋರ್ಡಿನ ಕೆಳಗಿನ ಮರಕ್ಕೆ ತಾಗುವಷ್ಟು.

'ಬಾಲ ಬಂತಲ್ಲೋ,' ಏಣಿ ಹಿಡಿದ ತಾಯಪ್ಪ.
ಇರ್ಲಿ ಬಿಡು, ಅಂದೆ.
ಹಸಿ ಐತಿ, ಮುಟ್ಟಬ್ಯಾಡ.